ದುಂಡಾಣುವಿನ ಹೆಸರು: ಅಡಿಕೆ ತೋಟದಿಂದ ಜೋಳದ ಹೊಲದವರೆಗೆ

ಅಡಿಕೆ ಬೆಳೆಯುವ ನಮಗೂ ಯಾದಗಿರಿ, ಶಹಾಪುರ, ಸುರಪುರ ಕಡೆಯ ಜೋಳದ ಹೊಲಕ್ಕೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಕಣ್ಣಿಗೆ ಕಾಣದ ಒಂದು ದುಂಡಾಣುವಿನ ಮೂಲಕ ಆ ಸಂಬಂಧವಿದೆ.

ಮಳೆಗಾಲದಲ್ಲಿ ಅಡಿಕೆ ಸೋಗೆಯ ಎಲೆಗಳಲ್ಲಿ ನಡುನರದ ಉದ್ದಕ್ಕೆ, ನೀರು ಹೀರಿದಂತಹ ಕಡುಹಸಿರು ಗೆರೆಗಳು ಮೂಡುವುದುಂಟು. ಎಲೆಯಡಿ ಕೆನೆಬಣ್ಣದ ಅಂಟು ಒಸರುತ್ತದೆ. ಇದೇ ಎಲೆಪಟ್ಟೆ ರೋಗ. ಆಗಿನ ಮೈಸೂರು ರಾಜ್ಯದಲ್ಲಿ ಕಂಡ ಈ ರೋಗವನ್ನು ರಾವ್ ಮತ್ತು ಮೋಹನ್ ಎಂಬ ವಿಜ್ಞಾನಿಗಳು 1970ರಲ್ಲಿ ವಿವರಿಸಿ, ರೋಗಾಣುವಿಗೆ ‘ಕ್ಸಾಂಥೋಮೊನಾಸ್ ಅರೆಕೆ’ ಎಂದು ಹೆಸರಿಟ್ಟರು.

ಇದರಲ್ಲಿ ಮೊದಲ ಪದ ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಗ್ರೀಕಿನಲ್ಲಿ ‘ಕ್ಸಾಂಥೋಸ್’ ಎಂದರೆ ಹಳದಿ. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದಾಗ ಇವು ಸಾಮಾನ್ಯವಾಗಿ ಹಳದಿಯಾಗಿ ಕಾಣುತ್ತವೆ. ಈ ಕುಲವನ್ನು 1939ರಲ್ಲಿ ಸ್ಥಾಪಿಸಿದವರು ಡೌಸನ್.

ಹೊಸ ಬೆಳೆಯಲ್ಲಿ ಕಂಡ ದುಂಡಾಣುವಿಗೆ ಹೊಸ ಪ್ರಭೇದದ ಹೆಸರು ಕೊಡುವುದು ಆ ಕಾಲದ ರೂಢಿ. ಹೀಗೆ ಹೆಸರುಗಳು ನೂರನ್ನು ದಾಟಿದವು. ಆದರೆ ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟವಾಯಿತು. ಆದ್ದರಿಂದ 1978ರ ಹೊತ್ತಿಗೆ ಬಹುಪಾಲನ್ನು ‘ಕ್ಸಾಂಥೋಮೊನಾಸ್ ಕ್ಯಾಂಪೆಸ್ಟ್ರಿಸ್’ ಎಂಬ ಒಂದೇ ಪ್ರಭೇದದಡಿ ತಂದು, ಬೆಳೆಯ ಗುರುತನ್ನು ‘ಪ್ಯಾಥೋವಾರ್’ ಎಂದು ಕೊನೆಗೆ ಸೇರಿಸಿದರು. ಅಡಿಕೆಯದು, ಜೋಳದ ಎಲೆಗೆರೆ ರೋಗದ್ದು, ಬತ್ತದ ದುಂಡಾಣು ಅಂಗಮಾರಿಯದು, ಎಲ್ಲವೂ ಒಂದೇ ಸೂರಿನಡಿ ಬಂದವು.

ಅನುವಂಶಿಕ ಧಾತುವಾದ ಡಿಎನ್‌ಎಯನ್ನು ಹೋಲಿಸಿ ನೋಡಿದಾಗ ಈ ಒಟ್ಟುಕುಟುಂಬ ಒಡೆಯಿತು. 1990ರಲ್ಲಿ ಬತ್ತದ ದುಂಡಾಣು ‘ಒರೈಜೆ’ ಎಂಬ ಪ್ರತ್ಯೇಕ ಪ್ರಭೇದವಾಯಿತು. 1995ರಲ್ಲಿ ಜೋಳದ್ದು ‘ವ್ಯಾಸಿಕೋಲ’ ಪ್ರಭೇದಕ್ಕೆ ಸೇರಿತು. 2020ರಲ್ಲಿ ನಮ್ಮ ಅಡಿಕೆಯದನ್ನೂ, ಆಫ್ರಿಕಾದ ಬಾಳೆಯ ಸೊರಗು ರೋಗದ್ದನ್ನೂ ಅದೇ ವ್ಯಾಸಿಕೋಲಕ್ಕೆ ವರ್ಗಾಯಿಸಿದರು. ಅಂದರೆ ಅಡಿಕೆಯ ರೋಗಾಣುವಿಗೆ ಬತ್ತದ್ದಕ್ಕಿಂತ ಜೋಳದ ರೋಗಾಣುವೇ ಹತ್ತಿರದ ನಂಟ.

ಆದರೆ ಪ್ರಭೇದ ಒಂದೇ ಎಂದ ಮಾತ್ರಕ್ಕೆ ಜೋಳದ ರೋಗ ಅಡಿಕೆಗೆ ಅಂಟುತ್ತದೆಂದು ಗಾಬರಿಯಾಗಬೇಕಿಲ್ಲ. ಯಾವ ಬೆಳೆಗೆ ಯಾವುದು ತಗಲುತ್ತದೆಂದು ತಿಳಿಸಲೆಂದೇ ಪ್ಯಾಥೋವಾರ್ ಹೆಸರನ್ನು ಉಳಿಸಿಕೊಂಡಿದ್ದಾರೆ. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಕಂಡರೆ ಬೇರೆ ರೋಗವೆಂದು ತಿಳಿಯಬಾರದು.

ನಾವು ಮುಖ್ಯವಾಗಿ ನೆನಪಿಡಬೇಕಾದುದು ಇಷ್ಟು: ಎಲೆಚುಕ್ಕಿ ರೋಗ ಶಿಲೀಂಧ್ರದಿಂದ ಬರುವುದು, ಎಲೆಪಟ್ಟೆ ದುಂಡಾಣುವಿನಿಂದ. ಶಿಲೀಂಧ್ರಕ್ಕೆಂದೇ ಮಾಡಿದ ಪ್ರೊಪಿಕೊನಜೋಲ್‌ನಂತಹ ಔಷಧಿ ದುಂಡಾಣುವನ್ನು ತಡೆಯದು; ಹಣವೂ ಹೋಗುತ್ತದೆ, ಮಳೆಗಾಲವೂ ಕಳೆಯುತ್ತದೆ. ಸಿಂಪಡಿಸುವ ಮುನ್ನ ರೋಗದ ಎಲೆಯನ್ನು ತಜ್ಞರಿಗೆ ತೋರಿಸಿರಿ. ಯಾದಗಿರಿ ಭಾಗದವರಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಸಮೀಪದಲ್ಲಿವೆ. ರೋಗದ ಹೆಸರು ಸರಿಯಾಗಿ ತಿಳಿದರೆ ಅರ್ಧ ಚಿಕಿತ್ಸೆ ಆದಂತೆಯೇ ಸರಿ.