ಬಣ್ಣಕ್ಕೆ ಮೊದಲು ಗೋಡೆ ಒಣಗಲಿ

ಭದ್ರಾ ಬಯಲಿನ ಊರುಗಳಲ್ಲಿ ಒಳಮನೆಯ ಬಣ್ಣ ಕೆಡಲು ಮುಖ್ಯ ಕಾರಣ ನೀರು. ಹೊಳೆಹೊನ್ನೂರು, ಕೂಡಲಿ ಸುತ್ತಿನ ಅನೇಕ ಮನೆಗಳ ಹಿತ್ತಿಲಿಗೇ ಗದ್ದೆ, ಅಡಿಕೆ ತೋಟ ಬಂದು ಮುಟ್ಟುತ್ತವೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ನಾಲೆಗೆ ನೀರು ಹರಿಯುವಷ್ಟು ದಿನ ನೆಲದ ತೇವ ಆರುವುದಿಲ್ಲ; ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗೋಡೆ ಈ ನೀರನ್ನು ಅಡಿಪಾಯದಿಂದ ಮೇಲಕ್ಕೆ ಹೀರುತ್ತದೆ, ಬಾಗಿಲು ಕಿಟಕಿಯ ಮರ ಗಾಳಿಯ ತೇವವನ್ನು ಕುಡಿದು ಉಬ್ಬುತ್ತದೆ. ಇವೆರಡೂ ಒಣಗುವ ಮೊದಲೇ ಬಳಿದ ಬಣ್ಣ ಎಷ್ಟೇ ದುಬಾರಿಯದಾಗಿರಲಿ, ಒಂದೆರಡು ಮಳೆಗಾಲದಲ್ಲಿ ಗುಳ್ಳೆಯೆದ್ದು ಹಕ್ಕಳೆಯಾಗಿ ಉದುರುತ್ತದೆ.

ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವ ರೂಢಿ ಈ ದೃಷ್ಟಿಯಿಂದ ಅನುಕೂಲದ್ದಲ್ಲ. ಆ ಹೊತ್ತಿಗೆ ಗೋಡೆ ನಾಲ್ಕು ತಿಂಗಳ ಮಳೆಯನ್ನು ಒಳಗಿಟ್ಟುಕೊಂಡಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಆರಂಭಿಸಿ ಯುಗಾದಿಯ ಹೊತ್ತಿಗೆ ಮುಗಿಸುವುದು ಒಳ್ಳೆಯದು. ದೀಪಾವಳಿಗೇ ಆಗಬೇಕೆಂದರೆ ನೆಲದಿಂದ ಮೂರಡಿವರೆಗಿನ ಗೋಡೆಯನ್ನಾದರೂ ಪರೀಕ್ಷಿಸಿ ಮುಂದುವರಿಯಬೇಕು.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ 24 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯದು. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು. ಒಳಮೈ ಒದ್ದೆಯಾದ ಗೋಡೆಗೆ ಬಣ್ಣವನ್ನು ಮುಂದೂಡಿ, ನೀರಿನ ದಾರಿ ಹುಡುಕಬೇಕು. ಬಚ್ಚಲಿನ ಒಡೆದ ಪೈಪು, ಗೋಡೆಯ ಬುಡಕ್ಕೆ ಸುರಿಯುವ ಸೂರಿನ ನೀರು, ಹೊರಗಿನ ನೆಲ ಒಳಗಿನದಕ್ಕಿಂತ ಎತ್ತರವಾಗಿರುವುದು ಸಾಮಾನ್ಯ ಕಾರಣಗಳು. ಗೋಡೆಯ ಮೇಲೆ ಬಿಳಿ ಉಪ್ಪು ಅರಳಿದ್ದರೆ ಅದನ್ನು ಒಣ ಬ್ರಷ್‌ನಿಂದ ಉದುರಿಸಿ ಗುಡಿಸಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ.

ಹೊಸ ಮನೆಯ ಸಿಮೆಂಟ್ ಗಾರೆಗೆ ನೀರುಣಿಸುವುದು ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳು ಬಿಡಬೇಕು. ಹಸಿ ಗಾರೆಯಲ್ಲಿ ಕ್ಷಾರ ಹೆಚ್ಚು. ಅದು ಎಣ್ಣೆಬಣ್ಣವನ್ನು ಸೋಪಿನಂತೆ ಮೆದುಮಾಡುತ್ತದೆ, ನೀರಿನ ಬಣ್ಣವನ್ನು ಅಲ್ಲಲ್ಲಿ ಮಾಸಿಸುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರವಿದ್ದರೆ ಪ್ರೈಮರ್ ಮತ್ತು ಒಂದು ಕೋಟ್ ಬಣ್ಣಕ್ಕೆ ನಿಲ್ಲಿಸಿ, ಪುಟ್ಟಿ ಮತ್ತು ಕೊನೆಯ ಕೋಟುಗಳನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳುವುದು ಜಾಣತನ.

ಗೋಡೆಯ ತಯಾರಿ

ಹಳೆಯ ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಬೇಕು. ಕೈಗೆ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಅದರ ಮೇಲೆ ಬಳಿದ ಎಮಲ್ಷನ್ ಗೋಡೆಯನ್ನು ಹಿಡಿಯದೆ ಪುಡಿಯನ್ನಷ್ಟೇ ಹಿಡಿದು ನಿಲ್ಲುತ್ತದೆ, ಮುಂದೆ ಹಾಳೆಯಂತೆ ಸುಲಿದು ಬರುತ್ತದೆ. ಲೋಹದ ಪಟ್ಟಿಯಿಂದ ಕೆರೆದು, 80 ಅಥವಾ 100 ನಂಬರಿನ ಉಜ್ಜುಕಾಗದದಿಂದ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಹಳೆಯ ತೊಟ್ಟಿ ಮನೆಗಳ ಮಣ್ಣು ಅಥವಾ ಸುಣ್ಣದ ಗಾರೆಯ ಗೋಡೆಗಳ ಮಾತು ಬೇರೆ. ಅವು ಹೀರಿದ ತೇವವನ್ನು ಮೈಯಿಂದಲೇ ಹೊರಬಿಟ್ಟು ಬದುಕುತ್ತವೆ. ಅವಕ್ಕೆ ಸಿಮೆಂಟ್ ಪುಟ್ಟಿ, ಎನಾಮಲ್ ಮೆತ್ತಿ ಉಸಿರು ಕಟ್ಟಿಸಿದರೆ ಒಳಗಿನ ಗಾರೆಯೇ ಕುಸಿಯುತ್ತದೆ. ಅಂಥ ಗೋಡೆಗೆ ಚೆನ್ನಾಗಿ ನೆನೆಸಿ ಸೋಸಿದ ಸುಣ್ಣವನ್ನು ತೆಳುವಾಗಿ ಮೂರು ಕೈ ಬಳಿಯುವುದಕ್ಕಿಂತ ಉತ್ತಮವಾದದ್ದು ಇಲ್ಲ.

ಬೂಷ್ಟು ಹಿಡಿದ ಮೂಲೆಗಳಿಗೆ ಬ್ಲೀಚಿಂಗ್ ಪೌಡರ್ ಬೇಕು. ಒಂದು ಲೀಟರ್ ನೀರಿಗೆ 100 ಗ್ರಾಂ ಕಲಸಿ, ಸೋಸಿದ ತಿಳಿಯನ್ನು ಹಚ್ಚಿ ಎಂಟು-ಹತ್ತು ಗಂಟೆ ಬಿಟ್ಟು, ಕೆರೆದು ತೊಳೆದು ಒಣಗಿಸಬೇಕು. ಟೈಲ್ಸ್ ತೊಳೆಯುವ ಆಸಿಡ್ ಅದೇ ಕೋಣೆಯಲ್ಲಿ ಇರಕೂಡದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಅದು ಪ್ರಾಣಾಪಾಯಕಾರಿ.

ಕೂದಲೆಳೆಯ ಬಿರುಕನ್ನು ಹಾಗೆಯೇ ಮುಚ್ಚದೆ, ಆಣಿಯ ತುದಿಯಿಂದ ಸ್ವಲ್ಪ ಅಗಲಿಸಿ ದೂಳು ತೆಗೆದು ತುಂಬಬೇಕು. ಚೌಕಟ್ಟು ಗೋಡೆಯನ್ನು ಸೇರುವ ಕಡೆ ಪ್ರತಿ ವರ್ಷ ಬಿರುಕು ಬಿಡುವುದು ಸಹಜ, ಏಕೆಂದರೆ ಅಲ್ಲಿ ಮರ ಅಲುಗುತ್ತದೆ, ಗಾರೆ ಅಲುಗುವುದಿಲ್ಲ. ಅಲ್ಲಿಗೆ ಬಾಗುವ ಗುಣದ ಅಕ್ರಿಲಿಕ್ ಸೀಲೆಂಟ್ ಸರಿಯಾದದ್ದು. ಸಿಲಿಕೋನ್ ಮೇಲೆ ಬಣ್ಣ ಕೂರುವುದಿಲ್ಲ.

ನುಣುಪು ಹುಟ್ಟುವುದು ಪುಟ್ಟಿಯಲ್ಲಿ. ಬಿಳಿ ಸಿಮೆಂಟಿನ ಪುಟ್ಟಿಯನ್ನು ತೂಕದ ಶೇ 35ರಿಂದ 40ರಷ್ಟು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ, ಮೂರು ಗಂಟೆಯೊಳಗೆ ಮುಗಿಸಬೇಕು. ಬಿಗಿಯುತ್ತಿರುವ ಪುಟ್ಟಿಗೆ ಮತ್ತೆ ನೀರು ಬೆರೆಸಿದರೆ ಅದರ ಬಲ ಹೋಗುತ್ತದೆ. ಬರಿ ಗಾರೆಯ ಗೋಡೆಯನ್ನು ಮೊದಲು ನೀರು ಚಿಮುಕಿಸಿ ಹಸಿಮಾಡಿಕೊಳ್ಳಬೇಕು, ಇಲ್ಲವಾದರೆ ಗೋಡೆ ಪುಟ್ಟಿಯ ನೀರನ್ನೇ ಹೀರಿಬಿಡುತ್ತದೆ. ಒಣಗಿದೆಯೆಂದು ಪರೀಕ್ಷೆಯಲ್ಲಿ ಕಂಡ ಗೋಡೆಗೆ ಹೀಗೆ ಮೇಲುಮೇಲೆ ಚಿಮುಕಿಸುವ ನೀರು ಒಂದೆರಡು ದಿನದಲ್ಲಿ ಆರುತ್ತದೆ, ಅದರಿಂದ ತೊಂದರೆಯಿಲ್ಲ. ಮೊದಲ ಕೋಟನ್ನು ಕೆಳಗಿನಿಂದ ಮೇಲಕ್ಕೆ, ಎರಡನೆಯದನ್ನು ಅಡ್ಡಕ್ಕೆ ಎಳೆಯಬೇಕು. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಗುಂಡಿಗಳನ್ನು ದಪ್ಪ ಪುಟ್ಟಿಯಲ್ಲಿ ಮುಚ್ಚಿದರೆ ಅದು ಒಣಗುತ್ತ ಬಿರಿಯುತ್ತದೆ, ಅವನ್ನು ಮೊದಲೇ ಗಾರೆಯಿಂದ ತುಂಬಬೇಕು.

ಉಜ್ಜುವ ಕೆಲಸ ರಾತ್ರಿ ಮಾಡುವುದು ಲೇಸು. ಒಂದು ಬಲ್ಬನ್ನು ಗೋಡೆಗೆ ಒತ್ತಿದಂತೆ ಪಕ್ಕಕ್ಕೆ ಹಿಡಿದರೆ ಹಗಲಲ್ಲಿ ಕಾಣದ ಉಬ್ಬುತಗ್ಗೆಲ್ಲ ನೆರಳಾಗಿ ಎದ್ದು ಕಾಣುತ್ತವೆ. 180ರಿಂದ ಆರಂಭಿಸಿ 320 ನಂಬರಿನ ಕಾಗದದಲ್ಲಿ ಮುಗಿಸಬೇಕು. ಪುಟ್ಟಿಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಉಜ್ಜುವವರಿಗೆ ಮಾಸ್ಕ್ ಕೊಡದೆ ಕೆಲಸ ಮಾಡಿಸಬಾರದು. ಕೊನೆಗೆ ಗೋಡೆಯ ದೂಳನ್ನು ಒರೆಸಿ ನೀರಿನ ಪ್ರೈಮರ್ ಒಂದು ಕೋಟ್ ಹಚ್ಚಬೇಕು. ಖರ್ಚು ಉಳಿಸಲೆಂದು ಅನೇಕರು ಬಿಟ್ಟುಬಿಡುವುದು ಇದನ್ನೇ. ಪ್ರೈಮರ್ ಇಲ್ಲದ ಪುಟ್ಟಿ ಒಂದೊಂದು ಕಡೆ ಒಂದೊಂದು ರೀತಿ ಬಣ್ಣ ಹೀರಿ ಗೋಡೆಯನ್ನು ತೇಪೆತೇಪೆಯಾಗಿಸುತ್ತದೆ.

10 ಅಡಿ ಎತ್ತರದ, 10ಕ್ಕೆ 12 ಅಡಿಯ ಕೋಣೆಯ ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 385. ಒಂದು ಕಿಲೊ ಪುಟ್ಟಿ ಎರಡು ಕೋಟ್‌ಗೆ 10ರಿಂದ 15 ಚದರಡಿ ಬರುವುದರಿಂದ 40 ಕಿಲೊದ ಒಂದು ಚೀಲ ಸಾಕು. ಉತ್ತಮ ಎಮಲ್ಷನ್ ಲೀಟರಿಗೆ ಎರಡು ಕೋಟ್ 130-150 ಚದರಡಿ ಬರುತ್ತದೆ, ಅಂದರೆ ಮೂರು ಲೀಟರ್. ಎಷ್ಟು ನೀರು ಬೆರೆಸಬೇಕೆಂಬುದು ಡಬ್ಬಿಯ ಮೇಲಿರುತ್ತದೆ. ಅದನ್ನು ಕಣ್ಣಳತೆಯಲ್ಲಿ ಮಾಡದೆ ಅಳತೆಯ ಪಾತ್ರೆಯಲ್ಲೇ ಮಾಡಬೇಕು. ಮೊದಲು ಚಾವಣಿ, ಆಮೇಲೆ ಗೋಡೆ. ಮೂಲೆ ಮತ್ತು ಅಂಚನ್ನು ಬ್ರಷ್‌ನಲ್ಲಿ ಎಳೆದು, ಅದು ಹಸಿಯಿರುವಾಗಲೇ ರೋಲರ್ ತಂದು ಸೇರಿಸಬೇಕು. ಒಂದು ಗೋಡೆಯನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದರೆ ಆ ಗೆರೆ ಕೊನೆಯವರೆಗೂ ಉಳಿಯುತ್ತದೆ. ಫ್ಯಾನ್ ಹಾಕಿ ಬೇಗ ಒಣಗಿಸುವುದೂ ಇದೇ ತೊಂದರೆ ತರುತ್ತದೆ. ಕೋಟ್‌ಗಳ ನಡುವೆ ನಾಲ್ಕು ಗಂಟೆಯಾದರೂ ಬೇಕು, ಮೋಡದ ದಿನ ಇನ್ನೂ ಹೆಚ್ಚು.

ಬಾಗಿಲು, ಕಿಟಕಿ, ಹೊಸಿಲು

ಮರದ ಕೆಲಸಕ್ಕೆ ಗೋಡೆಗಿಂತ ಹೆಚ್ಚು ತಾಳ್ಮೆ ಬೇಕು. ಗೋಡೆಯ ಮೊದಲ ಕೋಟ್ ಆದ ಮೇಲೆ ಮರಕ್ಕೆ ಕೈಹಾಕಿ, ಅದು ಮುಗಿದ ನಂತರ ಗೋಡೆಗೆ ಕೊನೆಯ ಕೋಟ್ ಕೊಟ್ಟರೆ ಅಂಚು ಚೊಕ್ಕವಾಗಿ ಬರುತ್ತದೆ.

ಹಳೆಯ ಎನಾಮಲ್ ಇರುವ ಬಾಗಿಲಿಗೆ ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಕೂಡದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೆ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆಯಬೇಕು. ಒಣಗಿದ್ದಾಗ ಉಜ್ಜದೆ, ಜಲನಿರೋಧಕ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು, ಬೆಂಕಿಯಿಂದ ಸುಟ್ಟು ತೆಗೆಯಲೇಬಾರದು, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ತೆಗೆಯುವ ಅಗತ್ಯವಿಲ್ಲ. ಅಡುಗೆಯ ಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, 220 ನಂಬರಿನಲ್ಲಿ ಹೊಳಪು ಹೋಗುವಷ್ಟು ತಿಕ್ಕಿದರೆ ಸಾಕು.

ಹೊಸ ಮರದಲ್ಲಿ ಜಾತಿ ನೋಡಬೇಕು. ಹೊನ್ನೆಯ ತಿರುಳು ತೇವ ತಗುಲಿದರೆ ಹಳದಿ ಕಲೆ ಬಿಡುತ್ತದೆ, ಹಲಸಿನ ತಿರುಳಿನಲ್ಲೂ ಬಟ್ಟೆಗೆ ಹಾಕುವಂಥ ಹಳದಿ ಬಣ್ಣವಿದೆ. ಇವುಗಳ ಮೇಲೆ ನೇರವಾಗಿ ನೀರಿನ ಪ್ರೈಮರ್ ಹಚ್ಚಿದರೆ ಬಿಳಿಯ ಬಣ್ಣದೊಳಗಿಂದ ಕಲೆ ಮೇಲೆದ್ದು ಬರುತ್ತದೆ. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಥಿನ್ನರ್ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಕಲೆ ಬಿಡುವ ಮರಕ್ಕೂ ಅಂಟು ಸುರಿಸುವ ಗಂಟಿಗೂ ಹಳೆಯ ಮದ್ದು ಅರಗು: ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ದೀಪ ಬೆಂಕಿಗಳಿಂದ ದೂರ, ತೆಳುವಾಗಿ ಒಂದೆರಡು ಕೈ ಹಚ್ಚಬೇಕು. ಕರ್ನಾಟಕದ ಬಣ್ಣದ ಉದ್ಯಮಕ್ಕೂ ಅರಗಿಗೂ ಹಳೆಯ ನಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲೇ ಅರಗು ಇತ್ತು, ಮೈಸೂರು ಲ್ಯಾಕ್ ಎಂದು. ಚುನಾವಣೆಯ ಅಳಿಸಲಾಗದ ಶಾಯಿ ಮಾಡುವ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ ಸಂಸ್ಥೆ. ಒಳ್ಳೆಯ ಹೊನ್ನೆ, ತೇಗದ ಕೆತ್ತನೆಯ ಬಾಗಿಲಿಗೆ ಬಣ್ಣ ಬಳಿಯದೆ ಪಾಲಿಶ್‌ನಲ್ಲೇ ಬಿಡುವುದು ಮರಕ್ಕೆ ಸಲ್ಲುವ ಗೌರವ.

ಬಣ್ಣ ಬೇಗ ಕೆಡುವ ಜಾಗ ಚೌಕಟ್ಟಿನ ಬುಡ. ದಿನವೂ ಹೊಸಿಲು ತೊಳೆದು ಅರಿಸಿನ ಕುಂಕುಮ ಹಚ್ಚುವ ಮನೆಗಳಲ್ಲಿ ಆ ನೀರು ಕಂಬದ ಬುಡದ ಕೊಯ್ದ ತುದಿಯಿಂದ ಮೇಲೇರುತ್ತದೆ. ಮರದ ನಾಳಗಳು ಅಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಹೊಸ ಚೌಕಟ್ಟನ್ನು ನಿಲ್ಲಿಸುವ ಮೊದಲೇ ಆ ತುದಿಗಳಿಗೂ ಗೋಡೆಗೆ ಸೇರುವ ಬೆನ್ನಿಗೂ ಪ್ರೈಮರ್ ಕುಡಿಸಬೇಕು. ನಿಂತ ಚೌಕಟ್ಟಿಗೆ ಬುಡದ ಸಂದನ್ನು ಸೀಲೆಂಟ್‌ನಿಂದ ಮುಚ್ಚಿ, ಕೆಳಗಿನ ಒಂದಡಿಗೆ ಒಂದು ಕೋಟ್ ಹೆಚ್ಚು ಕೊಡಬೇಕು. ಹೊಸಿಲಿನ ಮೇಲ್ಮೈಗೆ ಎನಾಮಲ್ ಬೇಡ. ಕಾಲು, ನೀರು, ಅರಿಸಿನ ಮೂರನ್ನೂ ತಾಳುವ ಬಣ್ಣವಿಲ್ಲ. ಎಣ್ಣೆ ಕುಡಿಸಿ ಬಿಟ್ಟು, ವರ್ಷಕ್ಕೊಮ್ಮೆ ಮತ್ತೆ ಹಚ್ಚಬಹುದು. ಬಾಗಿಲಿನ ಮೇಲಂಚು, ಕೆಳಂಚುಗಳೂ ಬಣ್ಣ ಕಾಣಬೇಕು, ಮಳೆಗಾಲದಲ್ಲಿ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುವುದು ಬಹುತೇಕ ಬರಿದಾದ ಈ ಅಂಚುಗಳಿಂದ. ಸುತ್ತ ಎರಡು-ಮೂರು ಮಿಲಿಮೀಟರ್ ಸಂದು ಇಲ್ಲದಿದ್ದರೆ ಬಣ್ಣಕ್ಕೆ ಮೊದಲೇ ತೋಪಡಾ ಹಾಕಿಸಬೇಕು.

ಪ್ರೈಮರ್, ತೆಳು ಪುಟ್ಟಿ, 320ರಲ್ಲಿ ಉಜ್ಜುವಿಕೆ, ಎರಡು ಕೋಟ್ ಎನಾಮಲ್: ಇದು ಮರದ ಕ್ರಮ. ಸಾಧ್ಯವಾದರೆ ಬಾಗಿಲನ್ನು ಕೀಲಿನಿಂದ ಬಿಡಿಸಿ ಮಲಗಿಸಿ ಬಳಿಯಬೇಕು, ಆಗ ಬಣ್ಣ ಸೋರಿ ಗೆರೆಯಾಗುವುದಿಲ್ಲ. ಬಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಬ್ರಷ್‌ನ ಮೂರನೇ ಒಂದು ಭಾಗವಷ್ಟೇ ಅದ್ದಿ, ಮೊದಲು ಒಳಗಿನ ಹಲಗೆ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ ಎಂದು ಸಾಗಬೇಕು. ಬಳಿದ ಕೂಡಲೇ ಬರಿ ತುದಿಯಿಂದ, ಒತ್ತದೆ, ಮರದ ಎಳೆಯುದ್ದಕ್ಕೆ ಒಮ್ಮೆ ಎಳೆದರೆ ಬ್ರಷ್ ಗುರುತು ಕೂಡಿಹೋಗುತ್ತದೆ. ಎಣ್ಣೆಯ ಎನಾಮಲ್ ಅನ್ನು ಬೆಳಗ್ಗೆಯೇ ಮುಗಿಸಬೇಕು. ಗದ್ದೆ ಬಯಲಿನ ಊರಲ್ಲಿ ಸಂಜೆ ದೀಪ ಹಾಕುತ್ತಲೇ ಬರುವ ಹುಳುಗಳು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತವೆ. ಎರಡನೆಯ ಕೋಟ್ ಮರುದಿನಕ್ಕೆ, ನಡುವೆ 400 ನಂಬರಿನಲ್ಲಿ ಒಂದು ಹಗುರ ಉಜ್ಜು. ಬಿಳಿ ಎಣ್ಣೆಬಣ್ಣ ಬೆಳಕು ಕಡಿಮೆಯಿರುವ ನಡುಮನೆಯಲ್ಲಿ ಬರಬರುತ್ತ ಹಳದಿಯಾಗುತ್ತದೆ, ಅಲ್ಲಿಗೆ ನೀರಿನ ಎನಾಮಲ್ ಮೇಲು.

ಕಿಟಕಿಯ ಕಬ್ಬಿಣದ ಸರಳು, ಗ್ರಿಲ್‌ಗಳಿಗೆ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಹೊಳೆಯುವವರೆಗೆ ತೆಗೆದು ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ರಾತ್ರಿ ಕಳೆದರೆ ತುಕ್ಕು ಮರಳುತ್ತದೆ.

ಮುಟ್ಟಿದರೆ ಅಂಟದ ಬಣ್ಣ ಗಟ್ಟಿಯಾಗಿದೆ ಎಂದಲ್ಲ. ಬಾಗಿಲುಗಳನ್ನು ಒಂದು ವಾರ ಬಿಗಿಯಾಗಿ ಮುಚ್ಚದೆ ಓರೆಯಾಗಿಡಬೇಕು, ತೋರಣದ ಮೊಳೆ ಹೊಡೆಯುವುದನ್ನೂ ಅಲ್ಲಿಯವರೆಗೆ ತಡೆಯಬೇಕು. ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೂರು-ನಾಲ್ಕು ವಾರದ ನಂತರ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ಬಣ್ಣದ ಸಂಖ್ಯೆ, ಕೋಣೆ ಮತ್ತು ತಿಂಗಳು ಬರೆದಿಟ್ಟರೆ ಮುಂದೆ ಗೀಚು ಬಿದ್ದ ಕಡೆ ಅದೇ ಬಣ್ಣವನ್ನು ತೇಪೆ ಕಾಣದಂತೆ ಹಚ್ಚಬಹುದು.