ಸೈನಿಕನನ್ನು ಅಳೆಯುವುದು ಹೇಗೆ?

ಲಿಂಗಾಂತರಿಗಳಿಗೆ ಸೇನೆಯಲ್ಲಿ ಸ್ಥಾನವಿರಬೇಕೆ? ಈ ಪ್ರಶ್ನೆಗೆ ಉತ್ತರ ಹೇಳಲು ಎಲ್ಲರೂ ಸಿದ್ಧರು. ಅಳೆದು ನೋಡಿದವರು ವಿರಳ. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಅಳೆಯಬಹುದಾದುದನ್ನು ಮೊದಲು ಅಳೆಯೋಣ.

ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ದಾಖಲಾಗಿ, ಬೆಳೆದಂತೆ ತಮ್ಮ ಅಂತರಂಗದ ಅರಿವು ಆ ದಾಖಲೆಗೆ ಹೊಂದದವರು ಲಿಂಗಾಂತರಿಗಳು. ನಮ್ಮ ನಾಡಿನಲ್ಲಿ ಇವರಲ್ಲಿ ಅನೇಕರನ್ನು ಮಂಗಳಮುಖಿಯರೆಂದು ಕರೆಯುವುದುಂಟು. ಕೆಲವರು ಹಾರ್ಮೋನು ಚಿಕಿತ್ಸೆ ಪಡೆಯುತ್ತಾರೆ. ಗಂಡಾಗಿ ಹುಟ್ಟಿದವರಲ್ಲಿ ಟೆಸ್ಟೋಸ್ಟಿರೋನ್ ತಗ್ಗಿದರೆ ರಕ್ತದ ಹಿಮೋಗ್ಲೋಬಿನ್ ನಾಲ್ಕು ತಿಂಗಳೊಳಗಾಗಿ ಸ್ತ್ರೀಯರ ಮಟ್ಟಕ್ಕೆ ಇಳಿಯುತ್ತದೆ. ಸ್ನಾಯುಬಲ ಬಹಳ ನಿಧಾನವಾಗಿ ಕುಗ್ಗುತ್ತದೆ. ಎಲುಬಿನ ಉದ್ದವಂತೂ ಬದಲಾಗದು.

ಅಮೆರಿಕದ ವಾಯುಸೇನೆಯ ದೈಹಿಕ ಪರೀಕ್ಷೆಗಳ ದಾಖಲೆಯನ್ನು ಆಧರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಲಿಂಗಾಂತರಿ ಸ್ತ್ರೀಯರು 46 ಮಂದಿ, ಲಿಂಗಾಂತರಿ ಪುರುಷರು 29 ಮಂದಿ. ಸಂಖ್ಯೆ ಚಿಕ್ಕದೆಂಬುದನ್ನು ಮರೆಯಬಾರದು. ಚಿಕಿತ್ಸೆಗೆ ಮೊದಲು ಈ ಸ್ತ್ರೀಯರು ಒಂದು ನಿಮಿಷದಲ್ಲಿ ಇತರ ಸ್ತ್ರೀಯರಿಗಿಂತ ಶೇಕಡ 31ರಷ್ಟು ಹೆಚ್ಚು ದಂಡ ಹೊಡೆಯುತ್ತಿದ್ದರು. ಎರಡು ವರ್ಷಗಳ ಬಳಿಕ ಆ ಅಂತರ ಅಳಿಸಿಹೋಯಿತು. ಆದರೆ ಒಂದೂವರೆ ಮೈಲಿಯ ಓಟದಲ್ಲಿ ಅವರು ಆಗಲೂ ಶೇಕಡ 12ರಷ್ಟು ವೇಗವಾಗಿಯೇ ಇದ್ದರು. ಲಿಂಗಾಂತರಿ ಪುರುಷರಾದರೋ, ಮೊದಲು ಹಿಂದಿದ್ದವರು, ಒಂದು ವರ್ಷದೊಳಗೆ ಓಟದಲ್ಲಿ ಇತರ ಪುರುಷರಿಗೆ ಸಮನಾದರು.

ಇದರಿಂದ ಏನು ತಿಳಿಯಬೇಕು? ಸ್ತ್ರೀ ಪುರುಷರಿಗೆ ಪ್ರತ್ಯೇಕವಾಗಿರುವ ಅಂಕಪಟ್ಟಿಗಳಲ್ಲಿ ಯಾವುದನ್ನು ಇವರಿಗೆ ಅನ್ವಯಿಸಬೇಕು ಎಂಬ ತೊಡಕು ನಿಜವಾದುದೇ. ಆದರೆ ಅದು ಪಟ್ಟಿಯ ತೊಡಕು. ಸೈನಿಕನಾಗುವ ಸಾಮರ್ಥ್ಯವಿಲ್ಲ ಎಂಬುದಕ್ಕೆ ಆಧಾರವಲ್ಲ. ಯಲ್ದೂರಿನ ತರುಣನೊಬ್ಬ ಭರ್ತಿಗಾಗಿ 1.6 ಕಿಲೋಮೀಟರು ಓಡಿದಾಗ ಗಡಿಯಾರ ಅಳೆಯುವುದು ಅವನ ಓಟವನ್ನು. ಅವನ ಊರಿನವರ ಸರಾಸರಿಯನ್ನಲ್ಲ.

ವಿರೋಧಿಗಳ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಿಮದ ಗಡಿಠಾಣೆಗೆ ಔಷಧವನ್ನು ತಪ್ಪದೆ ಒದಗಿಸುವುದು ಹೇಗೆ? ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವ ತನಕ ಅವರ ಕೆಲಸ ಯಾರದು? ಸೇನೆಯಲ್ಲಿ ವೈದ್ಯಕೀಯ ದರ್ಜೆಗಳಿರುವುದು ಇಂತಹ ನಿರ್ಣಯಕ್ಕಾಗಿಯೇ. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ವೆಚ್ಚದ ಬಗ್ಗೆ ಹೇಳುವುದಾದರೆ, ಅಮೆರಿಕದ ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕಹಾಕಿದ ಪ್ರಕಾರ ಅಲ್ಲಿನ ಸೇನೆಯ ವೈದ್ಯಕೀಯ ಖರ್ಚು ಏರುವುದು ಶೇಕಡ 0.04ರಿಂದ 0.13ರಷ್ಟು ಮಾತ್ರ. ಅದೇ ವರ್ಷ ಅಲ್ಲಿ ಬಾಗಿಲು ತೆರೆಯಿತು, 2019ರಲ್ಲಿ ನಿರ್ಬಂಧ ಜಾರಿಗೆ ಬಂದಿತು, 2021ರಲ್ಲಿ ತೊಲಗಿತು, 2025ರಲ್ಲಿ ಮರಳಿತು. ಈ ಅವಧಿಯಲ್ಲಿ ದೇಹಶಾಸ್ತ್ರವೇನೂ ನಾಲ್ಕು ಬಾರಿ ಬದಲಾಗಲಿಲ್ಲ! ನೆದರ್ಲೆಂಡ್ಸ್ ದೇಶವಾದರೋ 1974ರಲ್ಲಿಯೇ ಇವರನ್ನು ಸೇರಿಸಿಕೊಂಡಿತು.

ನಮ್ಮ ನಾಡಿನ ಕಥೆಯೂ ವಿಚಿತ್ರವಾದುದು. 1963ರ ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ 36-ಎ ಪ್ರಕರಣವನ್ನು ಸೇರಿಸಿ, ಶಂಕಿತ ‘ನಪುಂಸಕ’ರ ಪಟ್ಟಿಯಿಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. 1871ರ ಬ್ರಿಟಿಷ್ ಕಾಯಿದೆಯ ನೆರಳಿದು. ಮುಂದೆ ತಿದ್ದುಪಡಿಯಾಗಿ ಆ ಶಬ್ದ ಹೋಯಿತು. 2021ರ ಜುಲೈಯಲ್ಲಿ ರಾಜ್ಯದ ಸರ್ಕಾರಿ ನೌಕರಿಗಳಲ್ಲಿ ಲಿಂಗಾಂತರಿಗಳಿಗೆ ಶೇಕಡ 1 ಮೀಸಲಾತಿ ದೊರೆಯಿತು. ಡಿಸೆಂಬರಿನಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆ ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ಅವರಿಂದಲೂ ಅರ್ಜಿ ಕರೆಯಿತು. ಪಟ್ಟಿ ಬರೆಯುತ್ತಿದ್ದ ಇಲಾಖೆಯೇ ಹತ್ತು ವರ್ಷಗಳಲ್ಲಿ ಸಮವಸ್ತ್ರ ಕೊಡಲು ಮುಂದಾಯಿತು. ಛತ್ತೀಸಗಢದಲ್ಲಿ 2022ರಲ್ಲಿ ನಕ್ಸಲರನ್ನು ಎದುರಿಸುವ ಬಸ್ತರ್ ಫೈಟರ್ಸ್ ಪಡೆಗೆ 9 ಮಂದಿ ಲಿಂಗಾಂತರಿಗಳು ಆಯ್ಕೆಯಾದರು.

ಸೇನೆಯ ಮಾತು ಬೇರೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾವಿಕರೊಬ್ಬರನ್ನು ನೌಕಾಸೇನೆ 2017ರಲ್ಲಿ ನಿಯಮಗಳು ಸಮ್ಮತಿಸವೆಂದು ಹೊರಕ್ಕೆ ಕಳುಹಿಸಿತು. ಲಿಂಗಾಂತರಿಗಳ ಹಕ್ಕನ್ನು ಸುಪ್ರೀಂ ಕೋರ್ಟು 2014ರಲ್ಲಿಯೇ ಎತ್ತಿಹಿಡಿದಿತ್ತೆಂಬುದು ಗಮನಾರ್ಹ. 1950ರ ಭೂಸೇನಾ ಕಾಯಿದೆಯ 12ನೆಯ ಪ್ರಕರಣ ಸ್ತ್ರೀಯರನ್ನು ದೂರವಿಟ್ಟು, ಸರ್ಕಾರ ಸೂಚಿಸಿದ ವಿಭಾಗಗಳಿಗೆ ಮಾತ್ರ ವಿನಾಯಿತಿ ನೀಡುತ್ತದೆ. ಆ ವಿನಾಯಿತಿಯ ದಾರಿಯಿಂದಲೇ 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳೆಯರು ಸಿಪಾಯಿಗಳಾಗಿ ಹೊರಬಂದರು. ಲಿಂಗಾಂತರಿಗಳ ವಿಷಯದಲ್ಲಿ ಆ ಪ್ರಕರಣ ಹೌದೆಂದೂ ಹೇಳದು, ಅಲ್ಲವೆಂದೂ ಹೇಳದು.