ಬಾದಾಮಿಗೆ ಹೊರಟಿದ್ದೀರಾ? ಮೊದಲು ಐಹೊಳೆಗೆ ನಡೆಯಿರಿ

ಬಾದಾಮಿಗೆ ಹೋಗಿ ಬಂದವರನ್ನು ಮಾತಾಡಿಸಿ ನೋಡಿ. ‘ಗುಹೆ ನೋಡಿದ್ವಿ, ಪಟ್ಟದಕಲ್ಲು ನೋಡಿದ್ವಿ, ಐಹೊಳೆ ಮುಟ್ಟೋ ಹೊತ್ತಿಗೆ ಗೇಟು ಹಾಕ್ತಿದ್ರು’ ಎಂಬ ಉತ್ತರವೇ ಹೆಚ್ಚು. ತಪ್ಪು ಅವರು ಹೊರಟ ಕ್ರಮದಲ್ಲಿದೆ. ಚಾಲುಕ್ಯರ ಇತಿಹಾಸ ಶಾಲೆಯಲ್ಲಿ ಓದಿದ್ದಷ್ಟು ನೆನಪಿದ್ದರೆ ಸಾಕು, ನೇರ ವಿಷಯಕ್ಕೆ ಬರೋಣ.

ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ರೈಲ್ವೆ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರವಿದೆ, ಆಟೊ ಹಿಡಿಯಬೇಕು.

ಮೊದಲ ದಿನ ಬೆಳಕು ಹರಿಯುತ್ತಲೇ ಐಹೊಳೆಗೆ ಹೊರಡಿ. ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಮುಂದೆ ಹದಿಮೂರು ಹದಿನಾಲ್ಕು ಕಿ.ಮೀ.ಗೆ ಐಹೊಳೆ. ‘ದಾರ್‍ಯಾಗ ಐತ್ರಿ, ನೋಡ್ಕೊಂಡ ಹೋಗೂಣ್ರಿ’ ಎಂದು ಡ್ರೈವರ್ ಪಟ್ಟದಕಲ್ಲಿನಲ್ಲಿ ಗಾಡಿ ನಿಲ್ಲಿಸಲು ನೋಡುತ್ತಾನೆ. ಒಪ್ಪಬೇಡಿ. ಅಲ್ಲಿ ಇಳಿದಿರೋ, ಮಧ್ಯಾಹ್ನದ ತನಕ ಅಲ್ಲೇ. ಆಮೇಲೆ ಸುಡುಬಿಸಿಲಲ್ಲಿ ಮೇಗುತಿ ಗುಡ್ಡ ಹತ್ತುವ ಉತ್ಸಾಹ ಯಾರಿಗಿರುತ್ತದೆ? ದುರ್ಗ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು ‘ಐಹೊಳೆ ಆಯ್ತು’ ಅಂತ ತಿರುಗುವವರೇ ಬಹಳ. ಪುಲಿಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ 634ರ ಶಾಸನ ಇರುವುದು ಆ ಗುಡ್ಡದ ಮೇಲಿನ ಜೈನ ಬಸದಿಯ ಗೋಡೆಯಲ್ಲಿ. ಅದನ್ನು ನೋಡದೆ ಬಂದರೆ ಹೋಗಿ ಏನು ಬಂತು? ಆದ್ದರಿಂದ ತಂಪು ಹೊತ್ತಿನಲ್ಲಿ ಮೊದಲು ಗುಡ್ಡ, ಇಳಿದ ಮೇಲೆ ರಾವಣಫಡಿಯ ಹತ್ತು ತೋಳಿನ ನಟರಾಜ, ಕೊನೆಗೆ ದುರ್ಗ ಗುಡಿ.

ಬುತ್ತಿ ಕಟ್ಟಿಕೊಂಡು ಹೋಗಿ, ಒಳ್ಳೆಯ ಊಟ ಸಿಗುತ್ತದೆಂದು ನಂಬಬೇಡಿ. ಮಧ್ಯಾಹ್ನ ಪಟ್ಟದಕಲ್ಲು ಸರಿ: ಹೆಚ್ಚಿನ ಗುಡಿಗಳು ಒಂದೇ ಆವರಣದಲ್ಲಿವೆ, ವಿರೂಪಾಕ್ಷನ ಮಂಟಪದೊಳಗೆ ನೆರಳಿದೆ. ಗಂಡ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇದು. ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಪಟ್ಟಿಕೆಗಳನ್ನು ಮೊಬೈಲ್ ಟಾರ್ಚ್ ಹಿಡಿದು ಒಂದೊಂದಾಗಿ ನೋಡಿ. ಪಾಪನಾಥ ಸ್ವಲ್ಪ ದೂರದಲ್ಲಿದೆ, ಗೈಡ್‌ಗಳು ತೇಲಿಸಿಬಿಡುತ್ತಾರೆ. ನೀವೇ ಕೇಳಿ ಹೋಗಿ.

ಎರಡನೇ ದಿನ ಬೆಳಿಗ್ಗೆ ಬಾದಾಮಿಯ ಗುಹೆಗಳು. ಹದಿನೆಂಟು ತೋಳಿನ ನಟರಾಜನಿರುವ ಮೊದಲ ಗುಹೆಯಲ್ಲೇ ಜನ ದಣಿಯುತ್ತಾರೆ. ಸಮಯವನ್ನು ಮೂರನೆಯದಕ್ಕೆ ಉಳಿಸಿಕೊಳ್ಳಿ. ಮಂಗಲೇಶನ 578ರ ಶಾಸನವಿರುವ, ಎಲ್ಲಕ್ಕಿಂತ ದೊಡ್ಡ ಗುಹೆ ಅದು. ಕಂಬದ ಮೇಲ್ತುದಿಯ ಜೋಡಿ ಶಿಲ್ಪಗಳನ್ನು ಕತ್ತೆತ್ತಿ ನೋಡಿದರಷ್ಟೇ ಕಾಣುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಮಂಗಗಳು ಬಿಡುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಕನ್ನಡ ತ್ರಿಪದಿಯಿರುವ ಕಪ್ಪೆ ಅರಭಟ್ಟನ ಶಾಸನ ಅಗಸ್ತ್ಯ ತೀರ್ಥದ ಈಶಾನ್ಯಕ್ಕೆ, ತಟ್ಟುಕೋಟಿ ಬಳಿಯ ಬಂಡೆಯ ಮೇಲಿದೆ. ಊರವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಸಂಜೆಗೆ ಭೂತನಾಥ.

ನಡುವೆ ಬಿಡುವು ಸಿಕ್ಕರೆ ಮಹಾಕೂಟ. 5 ಕಿ.ಮೀ. ದೂರದ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಬಡಿಸುವ ರೊಟ್ಟಿ, ಕೆಂಪುಖಾರ, ಮೊಸರು ತಪ್ಪಿಸಬೇಡಿ. ಬನದ ಹುಣ್ಣಿಮೆ ಜಾತ್ರೆಯ ಹೊತ್ತಿಗೆ ಹೋಗುವುದಾದರೆ ರೂಮು ಮುಂಚೆಯೇ ಕಾಯ್ದಿರಿಸಿ.